ಒಳ್ಳೆಯ ಕೇಸು

ಬದುಕಿ ಬಂದೆಯಲ್ಲ, ಇನ್ನು ಅದನ್ನೆಲ್ಲ ಮರೆತುಬಿಡು ಎಂದು ನನಗೆ ಹೇಳದವರಿಲ್ಲ. ಮನೆಯವರು ಹೇಳಿದರು, ನೆರೆಯವರು ಹೇಳಿದರು, ಮಠದ ಅಯ್ಯನವರೂ ಹೇಳಿದರು. ನಾನು ಮರೆತಿಲ್ಲ. ಸಂಜೆಯಾದರೆ ರೆಪ್ಪೆ ಜೋತುಬಿದ್ದು, ನಾಲಿಗೆ ತೊದಲಿ, ಮಂದಿಯ ಬಾಯಿಗೆ ತುತ್ತಾದವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರು. ಅವರಲ್ಲಿ ಒಬ್ಬರ ಕೈಗಾದರೂ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಕಾದೆ, ಅದು ಇಳಿಯಲಿಲ್ಲ.

ನಾರಾಯಣಖೇಡದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಅಣ್ಣ ಬಂಡೆಪ್ಪ ಗಲ್ಲಾದ ಮೇಲೆ ಕೂಡುತ್ತಾನೆ, ನಾನು ಗಾದಿಯ ಮೇಲೆ. ಗಾದಿಯ ಮೇಲೆ ಕೂತವನ ದುಡಿಮೆ ಎಂದರೆ ಮಾತು. ಬಂದವರು ಕನ್ನಡದವರಾದರೆ ಕನ್ನಡ, ತೆಲುಗಿನವರಾದರೆ ತೆಲುಗು, ಸಾಬರ ಮನೆಯವರಾದರೆ ಅವರ ಮಾತು. ಸೀರೆಯ ಮಡಿಕೆ ಬಿಚ್ಚಿ ಒಮ್ಮೆ ಗಾಳಿಗೆ ಬೀಸಿ ಹಾಸಿದರೆ, ಕೊಳ್ಳಲೆಂದು ಬಾರದವಳೂ ಸೆರಗು ಮುಟ್ಟಿ ನೋಡಬೇಕು. ಹಾಗೆ ಇಪ್ಪತ್ತೈದು ವರ್ಷದ ಮೇಲೆ ದುಡಿದವನು ನಾನು.

ಮೊದಲು ಹೋದದ್ದು ತೋಳು. ಮೇಲಿನ ಖಾನೆಯಿಂದ ಸೀರೆಯ ಗಂಟು ಇಳಿಸಲು ಕೈ ಎತ್ತಿದರೆ ಅರ್ಧಕ್ಕೇ ಸೋತು ಕೆಳಗೆ ಬೀಳುತ್ತಿತ್ತು. ಬಿಸಿಲಿನ ದಣಿವು ಅಂದುಕೊಂಡೆ. ಆಮೇಲೆ ಬಲಗಣ್ಣಿನ ರೆಪ್ಪೆ ಬಿದ್ದಿತು. ಬೆಳಿಗ್ಗೆ ಎದ್ದಾಗ ಎಲ್ಲ ಸರಿ ಇರುತ್ತಿತ್ತು. ಮಧ್ಯಾಹ್ನ ದಾಟಿದರೆ ಒಂದು ಸೀರೆ ಎರಡಾಗಿ ಕಾಣುತ್ತಿತ್ತು, ಮಾತು ಮೂಗಿನಿಂದ ಬರುತ್ತಿತ್ತು. ಲಗ್ನದ ಸುಗ್ಗಿಯ ಒಂದು ಸಂಜೆ, ಮದುವೆಯ ಜವಳಿಗೆ ಬಂದ ಮನೆತನವೊಂದು ಅಂಗಡಿ ತುಂಬ ಕೂತಿತ್ತು. ನಾನು ದರ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಎರಡು ಸಲ ಹೇಳಿದೆ, ಮೂರನೆಯ ಸಲ ಬಾಯಿಂದ ಜೊಲ್ಲು ಸುರಿಯಿತು. ಮದುಮಗಳ ಸೋದರಮಾವ ನಕ್ಕ. ಅಣ್ಣ ಗಲ್ಲಾದಿಂದ ಎದ್ದು ಬಂದ.

"ಸಂಗಮೇಶ, ಬಾಯಿ ತಗಿ," ಅಂದ.

ಎಲ್ಲರೆದುರಿಗೆ ನನ್ನ ಬಾಯಿಗೆ ಮೂಗು ಹಚ್ಚಿ ಮೂಸಿ ನೋಡಿದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನ ಬಾಯಿ ಮೂಸಿದ.

"ವಾಸನಿ ಇಲ್ಲ. ಏನ್ ತಗೋತಿ ಹೇಳು. ಗುಳಿಗೀನೋ, ಅಫೀಮೋ?"

"ಏನೂ ಇಲ್ಲ ಅಣ್ಣಾ," ಅಂದೆ. ಅದೂ ಮೂಗಿನಿಂದಲೇ ಬಂತು. ಮಂದಿ ಮತ್ತೆ ನಕ್ಕರು. ಮರುದಿನದಿಂದ ನನ್ನನ್ನು ಹಿಂದಿನ ಕೋಣೆಯಲ್ಲಿ ಬಾಕ್ಸು ಬಿಚ್ಚಲು ಕೂಡಿಸಿದ. ಊರು ಸಣ್ಣದು. ಬಟ್ಟೆ ಅಂಗಡಿಯ ಸಂಗಮೇಶ ಕುಡಿಯಲು ಕಲಿತಿದ್ದಾನೆ ಎಂಬ ಸುದ್ದಿ ಬಸ್‌ಸ್ಟ್ಯಾಂಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು?

ಹೆಂಡತಿ ಮಹಾನಂದಾ ಮಾತ್ರ ನಂಬಿದಳು. ಅವಳೇ ಎಳೆದುಕೊಂಡು ಡಾಕ್ಟರರ ಹತ್ತಿರ ಹೋದಳು. ನಮ್ಮೂರಿನ ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಜಹೀರಾಬಾದಿನ ಡಾಕ್ಟರರ ಬಳಿ ನಸುಕಿಗೇ ಹೋಗಿ ಪಾಳಿ ಹಚ್ಚಿದೆವು. ಅಲ್ಲಿಯ ಹಜಾರದಲ್ಲಿ ಕೂತು ಕೂತು ದಣಿದು ಒಳಗೆ ಹೋದರೂ, ಬೆಳಗಿನ ಹೊತ್ತಾದ್ದರಿಂದ ನನ್ನ ಕಣ್ಣು ಅರಳಿಯೇ ಇತ್ತು, ಮಾತು ಸರಳವಾಗಿತ್ತು. ಡಾಕ್ಟರು ಕೈ ಹಿಡಿದು ನೋಡಿದರು, ಬಿ.ಪಿ. ನೋಡಿದರು, ರಕ್ತ ತಪಾಸಿಸಿದರು.

"ಮನ್ಯಾಗ ಏನರ ಕಿರಿಕಿರಿ ಅದ ಏನ್ರಿ?" ಎಂದು ಕೇಳಿದರು.

"ಇಲ್ಲರಿ, ಸಂಜಿಕ್ ಬಂದು ನೋಡ್ರಿ ಇವರ ಮಾರಿ," ಎಂದಳು ಮಹಾನಂದಾ.

"ಟೆನ್ಷನ್ ಅಷ್ಟೇ ಅದ ಅಮ್ಮಾ. ನಿದ್ದಿ ಗುಳಿಗಿ ಬರೀತೀನಿ."

ಆ ಗುಳಿಗೆ ನುಂಗಿದ ಮೇಲೆ ನನ್ನ ಕತ್ತು ಕೂಡ ನಿಲ್ಲದಾಯಿತು. ನನ್ನ ರೋಗ ಸಂಜೆಗೆ ಬರುವಂಥದ್ದು, ಡಾಕ್ಟರು ಬೆಳಿಗ್ಗೆ ಕೂಡುವಂಥವರು. ಇಬ್ಬರೂ ಭೇಟಿಯಾಗಲೇ ಇಲ್ಲ. ಹೀಗೆ ಮಾಗಿ ಹೋಯಿತು, ಬೇಸಿಗೆ ಹೋಯಿತು. ನಾನು ಅರ್ಧ ಸೊರಗಿದೆ.

ಭೇಟಿಯಾದದ್ದು ತಾಂಡೂರಿನಲ್ಲಿ, ಅದೂ ಅಚಾನಕ್ಕಾಗಿ. ಮಹಾನಂದಾಳ ತವರು ತಾಂಡೂರು. ಅವಳ ತಮ್ಮನ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಹೋಗಿದ್ದೆವು. ಸಂಜೆ ಪಂಕ್ತಿಯಲ್ಲಿ ಕೂತು ಹುಗ್ಗಿ ಬಾಯಿಗಿಟ್ಟೆ, ಅಗಿಯಲು ದವಡೆ ಏಳಲಿಲ್ಲ. ನೀರು ಕುಡಿದು ನುಂಗೋಣವೆಂದರೆ ನೀರು ಮೂಗಿನಿಂದ ಹೊರಬಂತು. ಬೀಗರ ಎದುರಿಗೆ ಕೆಮ್ಮಿ ಕೆಮ್ಮಿ ಕುಸಿದೆ. ನಾಲ್ಕು ಜನ ಹಿಡಿದು ಹತ್ತಿರದ ಒಂದು ಸಣ್ಣ ದವಾಖಾನೆಗೆ ಒಯ್ದರು. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಹೊಸದಾಗಿ ಅಂಗಡಿ ಹಾಕಿದವರ ಹಾಗೆ ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಅವರು ಗಡಿಬಿಡಿ ಮಾಡಲಿಲ್ಲ. ನನ್ನೆದುರು ಸ್ಟೂಲು ಎಳೆದು ಕೂತರು. "ಮ್ಯಾಲ ಛತ್ತಿನ ಕಡಿ ನೋಡ್ಕೋತ ಇರ್ರಿ, ನಾ ಹೇಳೋತನಕ ಕಣ್ಣು ಇಳಸಬ್ಯಾಡ್ರಿ," ಅಂದರು. ನಾನು ನೋಡುತ್ತಿದ್ದ ಹಾಗೆ ಎರಡೂ ರೆಪ್ಪೆ ಅಂಗಡಿಯ ಷಟರಿನ ಹಾಗೆ ಮೆಲ್ಲಗೆ ಇಳಿದವು. ಅವರು ಎದುರಿನ ಸೋಡಾ ಅಂಗಡಿಯಿಂದ ಒಂದು ಹಿಡಿ ಐಸು ತರಿಸಿ, ರಬ್ಬರಿನ ಕೈಗವಸಿನಲ್ಲಿ ತುಂಬಿ, ಬಲಗಣ್ಣಿನ ಮೇಲೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ತೆಗೆದರು. ಕಣ್ಣು ಅರಳಿತ್ತು. ಎಡಗಣ್ಣು ಬಿದ್ದೇ ಇತ್ತು, ಬಲಗಣ್ಣು ಬೆಳಗಿನ ಹಾಗೆ ತೆರೆದಿತ್ತು. ಮಹಾನಂದಾ ಅದನ್ನು ನೋಡಿ ಬಾಯಿಗೆ ಸೆರಗು ಹಚ್ಚಿ ಅತ್ತಳು.

"ಇದು ಕುಡ್ತ ಅಲ್ಲ, ಟೆನ್ಷನ್ನೂ ಅಲ್ಲ," ಎಂದು ಡಾಕ್ಟರು ಹೇಳಿದರು. "ನರ ಹೇಳಿದ್ದು ಮಾಂಸಖಂಡಕ್ಕ ಮುಟ್ಟಂಗಿಲ್ಲ. ಮೈಯಾಗಿನ ಕಾವಲುಗಾರರೇ ದಾರಿ ಕಟ್ಟಿ ಕುಂತಾರ. ಇದಕ್ಕ ಮಾತ್ರಿ ಅದ. ಆದ್ರ ಮಾತ್ರಿ ತಪ್ಪಸಬಾರ್ದು. ಹೊತ್ತಿಗೆ ಹೊತ್ತಿಗೆ ತಗೋಬೇಕು."

ರೋಗದ ಹೆಸರು ಉದ್ದ. ಅಂದು ನನಗೆ ನಾಲಿಗೆ ತಿರುಗಿದ್ದರೂ ಅದನ್ನು ಹೇಳಲು ಬರುತ್ತಿರಲಿಲ್ಲ. ನನಗೆ ಬೇಕಿದ್ದ ಹೆಸರು ಬೇರೆಯೇ ಇತ್ತು: ಕುಡುಕ ಅಲ್ಲ. ಅದು ಸಿಕ್ಕಿತು. ಊರಿಗೆ ಬಂದು ಅಣ್ಣನಿಗೆ ಹೇಳಿದೆವು. ಅವನು "ಹೌದಾ" ಅಂದು ಗಲ್ಲಾದ ಚಿಲ್ಲರೆ ಹೊಂದಿಸತೊಡಗಿದ. ಇಂದಿನವರೆಗೆ ಆ ಬಾಯಿ ಮೂಸಿದ ಮಾತು ಅವನು ಎತ್ತಿಲ್ಲ.

ತಾಂಡೂರಿನ ಡಾಕ್ಟರು ಚೀಟಿ ಕೊಟ್ಟು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊಸ ಡಾಕ್ಟರರು ಕಲಿತು ತಯಾರಾಗುವ ಆಸ್ಪತ್ರೆ ಅದು. ಹೆಸರು ಇಲ್ಲಿ ಬೇಡ. ಅಲ್ಲಿ ಮಾತ್ರೆ ಶುರುವಾಯಿತು. ಮೊದಲ ಮಾತ್ರೆ ನುಂಗಿ ಅರ್ಧ ತಾಸಿಗೆ ನಾನು ರೊಟ್ಟಿ ಅಗಿದೆ. ಎಷ್ಟೋ ತಿಂಗಳ ಮೇಲೆ ಜೋಳದ ರೊಟ್ಟಿ ಕಡಿದು, ಅಗಿದು, ನುಂಗಿದೆ. ಅದಕ್ಕೆ ಆ ಆಸ್ಪತ್ರೆಗೆ ನಾನು ಋಣಿ. ಇಲ್ಲ ಅನ್ನುವುದಿಲ್ಲ. ಆದರೆ ಋಣ ಇದ್ದವನಿಗೆ ಸಿಟ್ಟು ಬರಬಾರದು ಎಂದು ಎಲ್ಲಿ ಬರೆದಿದೆ?

ಅಲ್ಲಿ ನನಗೆ ಇನ್ನೊಂದು ಹೆಸರು ಬಿತ್ತು. ಪ್ರತಿ ಸಲ ಹೋದಾಗಲೂ ದೊಡ್ಡ ಡಾಕ್ಟರು, ಎಂದರೆ ಆ ವಿಭಾಗದ ಪ್ರೊಫೆಸರು, ಹುಡುಗ ಹುಡುಗಿಯರ ಹಿಂಡು ಕರೆದುಕೊಂಡು ಬಂದು ನನ್ನ ಸುತ್ತ ನಿಲ್ಲಿಸುತ್ತಿದ್ದರು. "ಗುಡ್ ಕೇಸ್" ಅನ್ನುತ್ತಿದ್ದರು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ನನ್ನ ಹೆಸರು ಯಾರೂ ಕೇಳಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ರೆಪ್ಪೆ ಎತ್ತಿ ನೋಡುವರು, ಗಲ್ಲ ಒತ್ತುವರು, ತೋಳು ಚಾಚಿಸಿ ಮೇಲಿಂದ ಅದುಮುವರು. ನಾನು ಗಾದಿಯ ಮೇಲೆ ಹಾಸಿದ ಸೀರೆಯಾಗಿದ್ದೆ. ಒಂದು ಸಲ ಮೊಬೈಲಿನಲ್ಲಿ ನನ್ನ ಮುಖದ ವಿಡಿಯೋ ಮಾಡಿಕೊಂಡರು.

"ಪೇಪರಿಗೆ ಹಾಕಬೇಕು," ಎಂದು ಪ್ರೊಫೆಸರರ ಕೈಕೆಳಗಿನ ಜೂನಿಯರ್ ಡಾಕ್ಟರು ತೆಲುಗಿನಲ್ಲಿ ಹೇಳಿದ.

ಮಹಾನಂದಾ ನಾಚಿಕೊಂಡೇ ಕೇಳಿದಳು, "ಯಾವ ಪೇಪರಿನ್ಯಾಗ ಬರ್ತದ್ರಿ? ನಮ್ಮ ಕಡಿ ಬರೋ ಪೇಪರ್ ಏನು?"

ಅವರೆಲ್ಲ ನಕ್ಕರು. ಅದು ಡಾಕ್ಟರರು ತಮ್ಮೊಳಗೆ ಓದುವ ಸಂಶೋಧನೆಯ ಪೇಪರು ಎಂದು ನಮಗೆ ಆಮೇಲೆ ತಿಳಿಯಿತು. ಈ ರೋಗಕ್ಕೆ ಹೊಸ ಹೊಸ ಸೂಜಿಮದ್ದು ಬಂದಿದೆಯಂತೆ, ಅದರ ಮಾತೂ ಅವರ ಬಾಯಲ್ಲೇ ಕೇಳಿದೆ. ನಮಗೆ ಸಿಗುತ್ತದೆಯೇ ಅಂದರೆ, "ಅದೆಲ್ಲ ಇನ್ನೂ ದೂರ" ಅಂದರು. ನನ್ನ ಮುಖ ಮಾತ್ರ ಅಲ್ಲಿಯವರೆಗೆ ಹೋಗಿ ಮುಟ್ಟಿತ್ತು.

ಎದೆಯೊಳಗಿನ ಒಂದು ಗ್ರಂಥಿಯಿಂದ ಈ ರೋಗ ಬಲಿಯುವುದುಂಟಂತೆ. ಅದನ್ನು ನೋಡಲು ಸ್ಕ್ಯಾನಿಂಗ್ ಬರೆದಿದ್ದರು. ಪಾಳಿ ತಿಂಗಳುಗಟ್ಟಲೆ ಆಚೆಗೆ ಇತ್ತು. ಆಗಲೇ ಜೂನಿಯರ್ ಡಾಕ್ಟರನ ಫೋನು ಬಂತು. ಹುಡುಗರ ಕೊನೆಯ ಪರೀಕ್ಷೆ ಇದೆ, ನೀವು ಬಂದು ಕೂತರೆ ನಿಮ್ಮ ಸ್ಕ್ಯಾನಿಂಗ್ ಅದೇ ವಾರ ಮಾಡಿಸುತ್ತೇನೆ ಅಂದ. ಬರುತ್ತೇನೆ ಅಂದೆ. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ: "ಹಿಂದಿನ ದಿನ ಸಂಜೆಯಿಂದ ಮಾತ್ರೆ ತಗೋಬೇಡಿ. ಮಾತ್ರೆ ತಗೊಂಡರೆ ಕಣ್ಣು ಅರಳಿರುತ್ತೆ, ಹುಡುಗರಿಗೆ ಏನೂ ಕಾಣಲ್ಲ. ಒಂದು ದಿನಕ್ಕೆ ಏನೂ ಆಗಲ್ಲ."

ಮಹಾನಂದಾ ಒಪ್ಪಲಿಲ್ಲ. "ತಪ್ಪಸಬ್ಯಾಡ್ರಿ ಅಂತ ತಾಂಡೂರಿನವರು ಹೇಳ್ಯಾರ. ಇವರು ತಪ್ಪಸ್ರಿ ಅಂತಾರ. ಯಾರದ್ ಕೇಳಾದು?"

"ಇವರು ಅವರಿಗಿಂತ ದೊಡ್ಡವರು," ಅಂದೆ. ಸ್ಕ್ಯಾನಿಂಗಿನ ಆಸೆ ನನ್ನನ್ನು ಹಾಗೆ ಮಾತಾಡಿಸಿತು.

ಪರೀಕ್ಷೆಯ ಕೋಣೆಯಲ್ಲಿ ನಮ್ಮಂಥವರನ್ನು ಸಾಲಾಗಿ ಮಂಚದ ಮೇಲೆ ಕೂಡಿಸಿದ್ದರು. ಒಬ್ಬನದು ಗುಂಡಿಗೆ, ಒಬ್ಬಳದು ಹೊಟ್ಟೆ, ಒಬ್ಬಾತನದು ಕಾಲು. ಹೊರಗಿನಿಂದ ಬಂದ ಪರೀಕ್ಷಕರು ಟೇಬಲ್ಲಿನ ಹಿಂದೆ ಚಹಾ ಕುಡಿಯುತ್ತಿದ್ದರು. ಜೊತೆಗೆ ಬಂದವರನ್ನು ಒಳಗೆ ಬಿಡಲಿಲ್ಲ. ಮಹಾನಂದಾ ಬಾಗಿಲ ಹೊರಗೆ ಬೆಂಚಿನ ಮೇಲೆ, ಮಾತ್ರೆಯ ಡಬ್ಬಿ ಅವಳ ಚೀಲದಲ್ಲಿ.

ಮೊದಲನೆಯ ಹುಡುಗ ಬಂದ, ಮೇಲೆ ನೋಡಿಸಿದ, ತೋಳು ಎತ್ತಿಸಿದ, ಹೋದ. ಎರಡನೆಯವನೂ ಹಾಗೇ. ಪ್ರತಿಯೊಬ್ಬನೂ ನನ್ನ ಬಲ ಎಷ್ಟು ಬೇಗ ಸೋರುತ್ತದೆ ಎಂದು ನೋಡಬೇಕು, ಅದೇ ಪರೀಕ್ಷೆ. ಸೋರುತ್ತಲೇ ಹೋಯಿತು. ನಾಲ್ಕನೆಯವನ ಹೊತ್ತಿಗೆ ತಲೆ ಎದೆಗೆ ಬಿತ್ತು. ನನಗೆ ನನ್ನ ಉಗುಳು ನುಂಗಲು ಬರಲಿಲ್ಲ. "ಗುಳಿಗಿ ಕೊಡ್ರಿ" ಅಂದೆ. ಅದು ಯಾರಿಗೂ ಮಾತಾಗಿ ಕೇಳಿಸಲಿಲ್ಲ. ಅವನು ಅದನ್ನೂ ಗುರುತು ಹಾಕಿಕೊಂಡ. ಮೂಗಿನ ದನಿ!

ಅವನ ನಂತರ ಬಂದವಳು ಸಾಮಿಯಾ. ಅವಳ ಹೆಸರು ನನಗೆ ಹೇಗೆ ಗೊತ್ತೆಂದರೆ, ಅವಳೇ ಹೇಳಿದಳು. "ಅಂಕಲ್, ಮೈ ಸಾಮಿಯಾ. ಆಪ್ಕಾ ನಾಮ್ ಕ್ಯಾ ಹೈ?" ಅಂದಳು. ಆ ಆಸ್ಪತ್ರೆಯಲ್ಲಿ ನನ್ನ ಹೆಸರು ಕೇಳಿದ ಮೊದಲನೆಯವಳು. ನಾನು ಹೇಳಲು ಬಾಯಿ ತೆರೆದೆ, ದವಡೆ ಮೇಲೆ ಬರಲಿಲ್ಲ. ಕೈಯಿಂದ ಗದ್ದ ಎತ್ತಿ ಹಿಡಿದುಕೊಂಡೆ. ಅವಳ ಮುಖದ ಬಣ್ಣ ಬದಲಾಯಿತು. ಒಂದೇ ಉಸಿರಿನಲ್ಲಿ ಎಣಿಸಿ ಅಂದಳು. ನಾನು ಐದರವರೆಗೆ ಹೋದೆನೋ ಇಲ್ಲವೋ.

ಅವಳು ಟೇಬಲ್ಲಿನ ಕಡೆ ತಿರುಗಿ, ಸರ್, ಇವರಿಗೆ ಉಸಿರು ಸಾಲುತ್ತಿಲ್ಲ, ಈಗಲೇ ಒಳಗೆ ಒಯ್ಯಬೇಕು ಅಂದಳು. ಪರೀಕ್ಷಕರೊಬ್ಬರು ಕೈಗಡಿಯಾರ ನೋಡಿ, ನಿಮ್ಮ ಹೊತ್ತು ಹೋಗುತ್ತಿದೆ, ಮೊದಲು ನಿಮ್ಮ ಕೇಸು ಹೇಳಿ ಮುಗಿಸಿ ಅಂದರು. ಅವಳು ಮುಗಿಸಲಿಲ್ಲ. ಬಾಗಿಲಿಗೆ ಓಡಿ ಕೂಗಿ ಸಿಸ್ಟರನ್ನು ಕರೆದಳು, ಗಾಲಿಮಂಚ ತರಿಸಿದಳು. ಆಚೆ ಮಹಾನಂದಾಳ ಕಿರುಚು ಕೇಳಿಸಿತು. ಆಮೇಲೆ ಉಸಿರು ನಿಂತಿತು. ಗಾಳಿ ತುಂಬಿದ್ದ ಕೋಣೆಯಲ್ಲಿ ನನ್ನ ಎದೆಗೆ ಒಂದು ಗುಟುಕು ಗಾಳಿ ಎಳೆಯಲು ಬರಲಿಲ್ಲ.

ಐ.ಸಿ.ಯು.ನಲ್ಲಿ ಗಂಟಲಿಗೆ ಕೊಳವೆ ಹಾಕಿ ಮಿಷನ್ನಿಗೆ ಕಟ್ಟಿದರು. ಹಾಗೆ ಬಿದ್ದುಕೊಂಡವನಿಗೆ ಏನೂ ತಿಳಿಯುವುದಿಲ್ಲ ಎಂದು ಮಂದಿ ತಿಳಿದಿದ್ದಾರೆ. ಮಂಪರು ಬಿಟ್ಟಾಗಲೆಲ್ಲ ನನಗೆ ತಿಳಿಯುತ್ತಿತ್ತು. ರೆಪ್ಪೆ ಎತ್ತಲು ಬರುತ್ತಿರಲಿಲ್ಲ, ಬೆರಳು ಆಡಿಸಲು ಬರುತ್ತಿರಲಿಲ್ಲ, ಕಿವಿ ಮಾತ್ರ ತೆರೆದಿತ್ತು. ಮಿಷನ್ನು ಉಸಿರು ಒಳಗೆ ದಬ್ಬುವ ಸದ್ದು. ಪಕ್ಕದ ಮಂಚದವರ ನರಳಾಟ. ಇದೇ ಕತ್ತಲಲ್ಲಿ ಹೂಳಿಬಿಟ್ಟಾರು ಎಂಬ ಭಯ. ರಾಯಚೂರಿನ ಕಡೆಯ ಒಬ್ಬ ಸಿಸ್ಟರು ನನ್ನ ಮೈ ಒರೆಸುವಾಗ, "ಸಂಗಮೇಶಣ್ಣ, ಈಗ ಎಡಕ್ಕ ಹೊಳ್ಳಸ್ತೀನಿ ಹಾಂ," ಎಂದು ಪ್ರತಿ ಸಲ ಹೇಳಿಯೇ ಮುಟ್ಟುತ್ತಿದ್ದಳು. ಅವಳ ಆ ಒಂದು ಮಾತಿಗೆ ನಾನು ದಿನವಿಡೀ ಕಾಯುತ್ತಿದ್ದೆ.

ಅದೇ ಕಿವಿಗೆ ಇನ್ನೊಂದು ಮಾತೂ ಬಿತ್ತು. ಜೂನಿಯರ್ ಡಾಕ್ಟರು ನನ್ನ ಕಾಲ ಬಳಿ ನಿಂತು ಮಹಾನಂದಾಳಿಗೆ ತೆಲುಗಿನಲ್ಲಿ ಹೇಳುತ್ತಿದ್ದ: "ಮಾತ್ರೆ ತಾನೇ ಬಿಟ್ಟಿದ್ದಾನಮ್ಮ ನಿಮ್ಮ ಯಜಮಾನ. ಹಳ್ಳಿಯವರದು ಇದೇ ಗೋಳು. ಸ್ವಲ್ಪ ಆರಾಮಾದರೆ ಔಷಧಿ ಬಿಡ್ತಾರೆ."

ಅವಳು ಏನೋ ಹೇಳಲು ಹೋದಳು. "ನೀವು ಗಲಾಟೆ ಮಾಡಿದರೆ ಇಲ್ಲಿ ನೋಡುವವರು ಯಾರು?" ಅಂದ.

ನನಗೆ ಆ ಹೊತ್ತು ಬಂದ ಸಿಟ್ಟು ಹೇಳತೀರದು. ಬೈಯಲು ಬಾಯಿಲ್ಲ, ಎದ್ದು ಕೂಡಲು ಬೆನ್ನಿಲ್ಲ, ದುರುಗುಟ್ಟಿ ನೋಡಲು ಕಣ್ಣೂ ಇಲ್ಲ. ಅಣ್ಣ ಕುಡುಕ ಅಂದಾಗ 'ಇಲ್ಲ' ಅನ್ನಲಾದರೂ ಮೂಗಿನ ದನಿ ಇತ್ತು. ಇಲ್ಲಿ ಸುಳ್ಳನ್ನು ನನ್ನ ಹೆಣದಂಥ ಮೈಯ ಮೇಲೆಯೇ ಹಾಸಿ ಹೊದಿಸಿದರು. ಬದುಕಬೇಕು ಎಂದು ನಾನು ಹಟ ಹಿಡಿದದ್ದು ಹೆಂಡತಿಗಾಗಿ, ದೇವರಿಗಾಗಿ ಎಂದು ಹೇಳಿಕೊಳ್ಳಬಹುದು. ನಿಜ ಹೇಳುತ್ತೇನೆ, ಅವನಿಗೆ ಉತ್ತರ ಕೊಡುವುದಕ್ಕಾಗಿ ಹಟ ಹಿಡಿದೆ.

ರಕ್ತ ಸೋಸಿದರು. ಮೆಲ್ಲಗೆ ಬಲ ಮರಳಿತು, ಕೊಳವೆ ತೆಗೆದರು. ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಪ್ರೊಫೆಸರು ತಮ್ಮ ಹಿಂಡಿನೊಂದಿಗೆ ಬಂದರು. ಜೂನಿಯರ್ ನನ್ನ ಕಥೆ ಹೇಳತೊಡಗಿದ. ಮಾತ್ರೆ ಬಿಟ್ಟ ರೋಗಿ ಎಂಬ ಮಾತು ಮತ್ತೆ ಬಂತು. ನಾನು ಮಂಚದ ಕಬ್ಬಿಣ ಹಿಡಿದು ಎದ್ದು ಕೂತೆ.

"ಸುಳ್ಳು," ಅಂದೆ. ದನಿ ಒಡೆದಿತ್ತು, ಆದರೆ ತೆಲುಗು ಸ್ಪಷ್ಟವಾಗಿತ್ತು. "ಮಾತ್ರೆ ನಾನು ಬಿಡಲಿಲ್ಲ. ಇವರು ಬಿಡಿಸಿದರು. ಫೋನಿನಲ್ಲಿ ಹೇಳಿ ಬಿಡಿಸಿದರು."

ಪ್ರೊಫೆಸರು ಜೂನಿಯರ್‌ನ ಮುಖ ನೋಡಿದರು. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು, ಇದು ಆ ಹುಡುಗನೊಬ್ಬನ ಬುದ್ಧಿಯಲ್ಲ.

ಪ್ರೊಫೆಸರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮನ್ನು ಗುರುತು ಹಿಡಿದ ತಾಂಡೂರಿನ ಡಾಕ್ಟರು ಎಲ್ಲಿ ಕಲಿತರು ಹೇಳಿ? ನಿಮ್ಮಂಥ ರೋಗಿಯೊಬ್ಬ ಕೂತದ್ದಕ್ಕೇ ಕಲಿತರು. ಈ ಹುಡುಗರೂ ಕಲಿಯಬೇಕಲ್ಲ?"

ಆ ಮಾತು ಸುಳ್ಳಲ್ಲ. ಸುಳ್ಳಲ್ಲವಾದ್ದರಿಂದಲೇ ನನಗೆ ಇನ್ನೂ ಸಿಟ್ಟು ಬಂತು. ಆಗ ತೆಲುಗು ಬಿಟ್ಟು ನನ್ನ ಮಾತೇ ಬಾಯಿಗೆ ಬಂತು.

"ಕಲೀಲ್ರಿ ಸಾಹೇಬ್ರೇ, ಯಾರು ಬ್ಯಾಡ ಅಂತಾರ? ನನ್ನ ರೆಪ್ಪಿ ಎತ್ತಿ ನೋಡ್ಲಿ, ತೋಳು ಹಿಡ್ದು ನೋಡ್ಲಿ. ಕೇಳಿ ನೋಡ್ಲಿ. ಕಲ್ಯಾಕ ನನ್ನ ಕಣ್ಣು ಕೊಡ್ತೀನಿ, ಉಸುರು ಕೊಡಂಗಿಲ್ಲ."

ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹಿಂದೆ ನಿಂತ ಒಬ್ಬಳು ಹುಡುಗಿ, ಬೀದರದ ಕಡೆಯವಳಿರಬೇಕು, ತಲೆ ತಗ್ಗಿಸಿದಳು. ಪ್ರೊಫೆಸರು "ವಿಶ್ರಾಂತಿ ತಗೊಳ್ಳಿ" ಎಂದು ಮುಂದಿನ ಮಂಚಕ್ಕೆ ನಡೆದರು.

ಸಾಮಿಯಾ ನನ್ನನ್ನು ನೋಡಲು ವಾರ್ಡಿಗೆ ಬಂದಿದ್ದಳು. ಕೇಸು ಪೂರ್ತಿ ಹೇಳಲಿಲ್ಲವೆಂದು ಅವಳನ್ನು ನಪಾಸು ಮಾಡಿದ್ದರು. ಆರು ತಿಂಗಳ ಮೇಲೆ ಮತ್ತೆ ಬರೆಯಬೇಕು. ಇಡೀ ಕೋಣೆಯಲ್ಲಿ ರೋಗಿಯನ್ನು ನೋಡಿದವಳು ಅವಳೊಬ್ಬಳೇ, ಅವಳೊಬ್ಬಳೇ ನಪಾಸು. ನಾನು ಅದಕ್ಕೆ ಬೈಯತೊಡಗಿದರೆ, ನೀವು ಆರಾಮಾದಿರಲ್ಲ, ಅಷ್ಟು ಸಾಕು ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಆಪ್ ಅಚ್ಛೆ ಹೋಗಯೇ ನಾ ಅಂಕಲ್, ಬಸ್." ಮತ್ತೆ ಬರೆದು ಈಗ ಡಾಕ್ಟರಾಗಿದ್ದಾಳೆ. ಆದರೂ ಅವಳ ಆ ಆರು ತಿಂಗಳನ್ನು ಯಾರು ತಿರುಗಿ ಕೊಡುತ್ತಾರೆ?

ನಾನು ದೂರು ಬರೆದುಕೊಟ್ಟೆ. ಸಮಿತಿ ಮಾಡಿದ್ದೇವೆ ಅಂದರು. ಸಮಿತಿ ಇನ್ನೂ ಕೂತೇ ಇದೆ. ಸ್ಕ್ಯಾನಿಂಗ್ ಕೊನೆಗೂ ಆಯಿತು, ಎದೆಯ ಗ್ರಂಥಿ ತೆಗೆಸಿಕೊಂಡೆ. ಬೇರೆ ಕಡೆ ಹೋಗಲು ನಮಗೆ ಬೇರೆ ಕಡೆ ಇಲ್ಲ, ಅದೇ ಆಸ್ಪತ್ರೆಯಲ್ಲಿ ತೆಗೆಸಿಕೊಂಡೆ. ಈಗ ಮಾತ್ರೆಯ ಹೊತ್ತು ತಪ್ಪಿಸುವುದಿಲ್ಲ. ಮಧ್ಯಾಹ್ನದವರೆಗೆ ಅಂಗಡಿಯ ಗಾದಿಯ ಮೇಲೆ ಕೂಡುತ್ತೇನೆ, ಆಮೇಲೆ ಮನೆಗೆ ಹೋಗಿ ಮಲಗುತ್ತೇನೆ. ಕೆಲವು ದಿನ ಒಳ್ಳೆಯವು, ಕೆಲವು ದಿನ ಬಾಯಿಗೆ ಅಂಬಲಿ ಮಾತ್ರ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆವು. ಹಜಾರದ ಬೆಂಚಿನಲ್ಲಿ ನಮ್ಮ ಮುಂದೆ ಪೆದ್ದೆಮುಲ್ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು, ನಲವತ್ತರ ಒಳಗಿನವಳು. ಎರಡೂ ರೆಪ್ಪೆ ನನ್ನವೇ. ಗದ್ದಕ್ಕೆ ಕೈ ಹಚ್ಚಿ ಕೂತ ರೀತಿಯೂ ನನ್ನದೇ. ಇನ್ನೊಬ್ಬ ಜೂನಿಯರ್ ಡಾಕ್ಟರು, ಹೊಸ ಮುಖ, ಬೆಂಚು ಬೆಂಚು ನೋಡುತ್ತ ಬಂದ. ಅವಳೆದುರು ನಿಂತ. ಬಾಗಿ, ಅದೇ ಸಣ್ಣ ದನಿಯಲ್ಲಿ, ನಾಳೆ ಪರೀಕ್ಷೆಗೆ ಕೂಡಮ್ಮ, ಇವತ್ತು ಸಂಜೆಯಿಂದ ಮಾತ್ರೆ ತಗೋಬೇಡ, ನಿನ್ನ ಸ್ಕ್ಯಾನಿಂಗ್ ಬೇಗ ಮಾಡಿಸುತ್ತೇನೆ ಅಂದ. ಅವಳು ಹೂಂ ಎಂದು ತಲೆ ಆಡಿಸಿದಳು.

ನಾನು ಎದ್ದು ನಿಂತೆ. ಮಹಾನಂದಾ ಅಂಗಿ ಜಗ್ಗಿದಳು, ಆಮೇಲೆ ತಾನೇ ಬಿಟ್ಟಳು. ಗಾದಿಯ ಮೇಲೆ ಕೂತು ಮೂರು ಭಾಷೆಯಲ್ಲಿ ಸೀರೆ ಮಾರಿದ ದನಿ ಇನ್ನೂ ಎಷ್ಟು ಉಳಿದಿದೆಯೋ ಅಷ್ಟನ್ನೂ ತೆಗೆದೆ. ಮಾತ್ರೆ ತಪ್ಪಿಸಬೇಡ ಎಂದು ತೆಲುಗಿನಲ್ಲಿ ಕೂಗಿದೆ, ಹಜಾರವೆಲ್ಲ ನನ್ನ ಕಡೆ ತಿರುಗಿತು. ಸಾಬರ ಮಾತಿನಲ್ಲಿ ಕೂಗಿದೆ. ಆಮೇಲೆ ಅವಳ ಕಡೆ ತಿರುಗಿ, "ತಂಗಿ, ಮಾತ್ರಿ ಬಿಡಬ್ಯಾಡವ್ವ. ನಾ ಬಿಟ್ಟು ಸತ್ತು ಬಂದೀನಿ. ಕಣ್ಣು ನೋಡ್ತೀನಿ ಅಂದ್ರ ತೋರ್ಸು, ಮಾತ್ರಿ ಬಿಡು ಅಂದ್ರ ಬಿಡಬ್ಯಾಡ," ಅಂದೆ.

ಡಾಕ್ಟರನ ಮುಖ ಕೆಂಪಾಯಿತು. "ಯಾರ್ರೀ ನೀವು?" ಅಂದ.

"ಸಂಗಮೇಶ. ನಾರಾಯಣಖೇಡ. ನಿಮ್ಮ ಒಳ್ಳೆಯ ಕೇಸು," ಅಂದೆ.

ಅವನು ಸುತ್ತ ನೋಡಿದ. ಹಜಾರದಲ್ಲಿ ಕೂತವರೆಲ್ಲ ಅವನನ್ನೇ ನೋಡುತ್ತಿದ್ದರು. ಏನೋ ಗೊಣಗಿ ಹೊರಟುಹೋದ. ನಾನು ಕೂತೆ, ದನಿ ಪೂರ್ತಿ ಬತ್ತಿಹೋಗಿತ್ತು. ಆ ಹೆಣ್ಣುಮಗಳು ನನ್ನನ್ನು ಕಷ್ಟದಿಂದ ರೆಪ್ಪೆ ಎತ್ತಿ ನೋಡಿದಳು. ಸೊಂಟದ ಸಂಚಿ ಬಿಚ್ಚಿ ಒಂದು ಮಾತ್ರೆ ತೆಗೆದಳು. "ಅಕ್ಕಾ, ಒಂದೀಟು ನೀರು ಅದಾವೇನ್ರಿ?" ಎಂದು ಮಹಾನಂದಾಳನ್ನು ಕೇಳಿದಳು. ಮಹಾನಂದಾ ಬಾಟ್ಲಿಯ ಮುಚ್ಚಳ ತೆಗೆದು ಕೊಟ್ಟಳು. ಅವಳು ಗದ್ದ ಎತ್ತಿ ಹಿಡಿದು, ನಮ್ಮೆಲ್ಲರ ಎದುರಿಗೆ, ನಿಧಾನಕ್ಕೆ ನುಂಗಿದಳು.